ಫೇಲಾದ ಲ್ಯಾಟಿನ್ ಪಂಡಿತನ ಕಥೆ ಕೇಳಿ ಕೆಲಸ ಬಿಡಬೇಕೆನಿಸಿದೆ, ಬಿಡಲೇ?

ಪ್ರಶ್ನೆ: ಸರ್, ನನಗೆ 27 ವರ್ಷ. ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ ಆಗಿದ್ದೇನೆ. ಎಂ.ಎ. ಕನ್ನಡ ಓದಿದೆ, ಆದರೆ ಕೊನೆಯ ವರ್ಷ ಭಾಷಾವಿಜ್ಞಾನದ ಪೇಪರ್ ಹೋಯಿತು. ಹಳಗನ್ನಡದ ಹುಚ್ಚಿನಲ್ಲಿ ಅದನ್ನು ಮುಟ್ಟಿಯೇ ಇರಲಿಲ್ಲ. ಆಮೇಲೆ ಬೇಸರ ಬಂದು ಮತ್ತೆ ಕಟ್ಟಲಿಲ್ಲ. ಅಜ್ಜನ ಮನೆಯ ಅಟ್ಟದಲ್ಲಿ ಜೈಮಿನಿ ಭಾರತದ ಒಂದು ಓಲೆಗರಿ ಕಟ್ಟು ಸಿಕ್ಕಿದೆ. ದಿನಾ ರಾತ್ರಿ ಅದನ್ನು ಓದಿ ಅಚ್ಚಾದ ಪುಸ್ತಕದ ಜೊತೆ ಹೋಲಿಸುತ್ತೇನೆ. ಇತ್ತೀಚೆಗೆ ಮೊಬೈಲಿನಲ್ಲಿ ಎ. ಇ. ಹೌಸ್‌ಮನ್ ಎಂಬ ಇಂಗ್ಲಿಷ್ ಪಂಡಿತನ ಕಥೆ ನೋಡಿದೆ. ಆಕ್ಸ್‌ಫರ್ಡ್‌ನಲ್ಲಿ ಫೇಲಾಗಿ, ಗುಮಾಸ್ತನಾಗಿ, ಕೊನೆಗೆ ನೇರ ಪ್ರೊಫೆಸರ್ ಆದನಂತೆ. 'ಡಿಗ್ರಿ ಬರೀ ಕಾಗದ' ಅಂತ ಕೊನೆಗೆ ಹಾಕಿದ್ದರು. ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯೋಣ ಅನ್ನಿಸುತ್ತಿದೆ. ಮನೆಯಲ್ಲಿ ಅಮ್ಮ ಮತ್ತು ಓದುತ್ತಿರುವ ತಮ್ಮ ಇದ್ದಾರೆ. ಆ ಕಥೆ ನಿಜವೇ? ನನ್ನಂಥವಳಿಗೂ ಅದು ಆಗುವಂಥದ್ದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಹೌಸ್‌ಮನ್ ಕಥೆ ನಿಜವೇ ಅನ್ನುವುದು ಒಂದು, ಆ ಕಥೆಯನ್ನು ನಂಬಿ ರಾಜೀನಾಮೆ ಬರೆಯಬಹುದೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೌದು, ಬಹುಪಾಲು ನಿಜ ಎನ್ನಬೇಕು. ಎರಡನೆಯದಕ್ಕೆ ಬೇಡ ಎನ್ನಬೇಕು. ತಮಾಷೆ ಏನೆಂದರೆ, ಬೇಡ ಅನ್ನಲು ಬೇಕಾದ ಕಾರಣಗಳೆಲ್ಲ ಅದೇ ಕಥೆಯಲ್ಲಿವೆ. ಮೊಬೈಲಿನಲ್ಲಿ ಬರುವಾಗ ಅವು ಉದುರಿಹೋಗಿವೆ ಅಷ್ಟೇ.

ನಾನು ಮೂವತ್ತು ವರ್ಷ ಹಸ್ತಪ್ರತಿಗಳ ನಡುವೆ ಕಳೆದವನು. ಲ್ಯಾಟಿನ್ ನನ್ನ ಅನ್ನದ ಭಾಷೆಯಲ್ಲ. ಆದರೆ ಪಾಠ ಪರಿಷ್ಕರಣೆ, ಅಂದರೆ ಹಸ್ತಪ್ರತಿಗಳಲ್ಲಿ ಸೇರಿಕೊಂಡ ತಪ್ಪು ತಿದ್ದಿ ಕವಿ ಬರೆದ ಮೂಲ ಹುಡುಕುವ ಕೆಲಸ ಮಾಡುವವರು ಯಾವ ಭಾಷೆಯಲ್ಲಿದ್ದರೂ ಒಂದಲ್ಲ ಒಂದು ದಿನ ಹೌಸ್‌ಮನ್ ಹತ್ತಿರ ಬರುತ್ತಾರೆ. ನಾನೂ ಹಾಗೇ ಬಂದವನು.

ಆಲ್ಫ್ರೆಡ್ ಎಡ್ವರ್ಡ್ ಹೌಸ್‌ಮನ್ ಹುಟ್ಟಿದ್ದು 1859ರ ಮಾರ್ಚ್ 26ರಂದು, ಇಂಗ್ಲೆಂಡಿನ ವೂಸ್ಟರ್‌ಶೈರ್‌ನಲ್ಲಿ. ಏಳು ಮಕ್ಕಳಲ್ಲಿ ಹಿರಿಯ. ಸರಿಯಾಗಿ ಹನ್ನೆರಡನೆಯ ಹುಟ್ಟುಹಬ್ಬದ ದಿನ ತಾಯಿ ತೀರಿಕೊಂಡರು. ತಂದೆ ವಕೀಲರು, ಆದರೆ ಸಂಸಾರದ ಲೆಕ್ಕ ಯಾವತ್ತೂ ಸರಿಹೋಗಲಿಲ್ಲ. ಬ್ರಾಮ್ಸ್‌ಗ್ರೋವ್ ಶಾಲೆಯಲ್ಲಿ ಚೆನ್ನಾಗಿ ಓದಿದ ಹುಡುಗ 1877ರಲ್ಲಿ ಸ್ಕಾಲರ್‌ಶಿಪ್ ಪಡೆದು ಆಕ್ಸ್‌ಫರ್ಡ್‌ನ ಸೇಂಟ್ ಜಾನ್ಸ್ ಕಾಲೇಜು ಸೇರಿದ.

ಅಲ್ಲಿನ ಪರೀಕ್ಷೆ ಹೇಗಿತ್ತು ಅಂತ ತಿಳಿದರೆ ಮಾತ್ರ ಆತ ಫೇಲಾದದ್ದು ಅರ್ಥವಾಗುತ್ತದೆ. ಮೊದಲ ಹಂತ ಭಾಷೆಯದು: ಗ್ರೀಕ್, ಲ್ಯಾಟಿನ್, ಪದ್ಯ, ವ್ಯಾಕರಣ. 1879ರಲ್ಲಿ ಅದರಲ್ಲಿ ಆತನಿಗೆ ಫಸ್ಟ್ ಕ್ಲಾಸ್. ಎರಡನೆಯ ಹಂತಕ್ಕೆ 'ಗ್ರೇಟ್ಸ್' ಅಂತ ಹೆಸರು. ಅದರಲ್ಲಿ ಪ್ರಾಚೀನ ಇತಿಹಾಸ ಮತ್ತು ತತ್ವಶಾಸ್ತ್ರವೇ ಮುಖ್ಯ. ಹೌಸ್‌ಮನ್‌ಗೆ ಅವೆರಡೂ ಬೇಡ. ಆತ ಆಗಲೇ ರೋಮನ್ ಕವಿ ಪ್ರೊಪೆರ್ಷಿಯಸ್‌ನ ಪಠ್ಯ ತಿದ್ದುತ್ತಾ ಕೂತಿದ್ದ. ಪ್ಲೇಟೊವನ್ನು ಇಂಗ್ಲಿಷ್‌ಗೆ ತಂದ ಬೆಂಜಮಿನ್ ಜೋವೆಟ್ ಆಗ ಗ್ರೀಕ್ ಪ್ರೊಫೆಸರ್, ಊರಿಗೇ ದೊಡ್ಡ ಹೆಸರು. ಅವರ ತರಗತಿಗೆ ಒಂದೇ ಒಂದು ಸಲ ಹೋಗಿ, ಭಾಷೆಯ ಸೂಕ್ಷ್ಮಗಳ ಬಗ್ಗೆ ಅವರ ಅಸಡ್ಡೆ ಕಂಡು ಮತ್ತೆ ಆ ಕಡೆ ತಲೆ ಹಾಕಲಿಲ್ಲವಂತೆ. ಇಪ್ಪತ್ತರ ಹುಡುಗ! ನಮ್ಮ ಕಾಲೇಜುಗಳಲ್ಲೂ ಇಂಥವರನ್ನು ನೋಡಿದ್ದೇವೆ, ಅಲ್ವಾ?

1881ರಲ್ಲಿ ಗ್ರೇಟ್ಸ್ ಬರೆದ. ತತ್ವಶಾಸ್ತ್ರದಲ್ಲಿ ಉತ್ತರ ಅನ್ನುವಂಥದ್ದು ಹೆಚ್ಚೇನೂ ಇರಲಿಲ್ಲ. ಸೆಕೆಂಡ್ ಇಲ್ಲ, ಥರ್ಡ್ ಇಲ್ಲ, ಪೂರಾ ಫೇಲು.

ಏಕೆ? ಇಲ್ಲಿ ಕಥೆ ಕಟ್ಟುವವರಿಗೆ ಹಬ್ಬ. ಪರೀಕ್ಷೆಯ ಹೊತ್ತಿಗೆ ತಂದೆಗೆ ತೀವ್ರ ಕಾಯಿಲೆಯ ಸುದ್ದಿ ಬಂದಿತ್ತು, ಅದೇ ಕಾರಣ ಅಂದರು ಕೆಲವರು. ಜೊತೆಗಿದ್ದ ಮೋಸೆಸ್ ಜಾಕ್ಸನ್ ಎಂಬ ಗೆಳೆಯನ ಮೇಲೆ ಹೌಸ್‌ಮನ್‌ಗೆ ತುಂಬ ಪ್ರೀತಿ ಇತ್ತು, ಆ ಕಡೆಯಿಂದ ಅದಕ್ಕೆ ಉತ್ತರ ಇರಲಿಲ್ಲ, ಆ ಸಂಕಟದಲ್ಲಿ ಫೇಲಾದ ಅಂದರು ಇನ್ನು ಕೆಲವರು. ಪ್ರೀತಿ ನಿಜ. ಅದು ಜೀವನಪೂರ್ತಿ ಉಳಿಯಿತು. ಗಂಡು ಗಂಡನ್ನು ಪ್ರೀತಿಸಿದರೆ ಜೈಲು ಅನ್ನುವ ಕಾಲ ಅದು. ಆತ ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ. ಎರಡೂ ಕಾರಣಗಳು ಭಾರ ಹೆಚ್ಚಿಸಿರಬಹುದು. ಆದರೆ ನಾಲ್ಕು ವರ್ಷ ಪುಸ್ತಕ ಮುಟ್ಟದ ವಿಷಯದಲ್ಲಿ ಉತ್ತರ ಬರೆಯಲಾಗದೆ ಹೋಗಲು ದೊಡ್ಡ ದುರಂತವೇನೂ ಬೇಕಿಲ್ಲ. ನನಗೆ ಕಾಣುವ ಮಟ್ಟಿಗೆ, ಬೇಕಾದ್ದನ್ನಷ್ಟೇ ಓದಿದ ಜಂಬವೇ ಜಾಸ್ತಿ ಕೆಲಸ ಮಾಡಿತು. ನಿಮ್ಮ ಭಾಷಾವಿಜ್ಞಾನದ ಪೇಪರ್ ನೆನಪಾಯಿತೇ? ಬೈಯುತ್ತಿಲ್ಲ. ನಾನೂ ಬಿ.ಎ.ಯಲ್ಲಿ ಅರ್ಥಶಾಸ್ತ್ರವನ್ನು ಎರಡು ಸಲ ಕಟ್ಟಿದವನೇ.

ಮೊಬೈಲಿನ ಕಥೆ ಪೂರ್ತಿ ನುಂಗಿಹಾಕಿದ ಸಂಗತಿ ಇದರ ನಂತರದ್ದು. ಫೇಲಾದವನು 'ಡಿಗ್ರಿ ಬರೀ ಕಾಗದ' ಅಂತ ಕೈಕೊಡವಿ ಹೊರಡಲಿಲ್ಲ. ಆಕ್ಸ್‌ಫರ್ಡ್‌ಗೆ ವಾಪಸ್ ಹೋಗಿ, ಆನರ್ಸ್ ಅನ್ನುವ ವಿಶೇಷ ದರ್ಜೆ ಇಲ್ಲದ ಸಾಧಾರಣ ಪಾಸ್ ಡಿಗ್ರಿಗೆ ಬೇಕಾದ ಪರೀಕ್ಷೆ ಮುಗಿಸಿದ. ಆ ನಡುವೆ ತಾನು ಓದಿದ ಶಾಲೆಯಲ್ಲೇ ಮಕ್ಕಳಿಗೆ ಪಾಠ ಹೇಳಿದ. ಸಿವಿಲ್ ಸರ್ವಿಸ್ ಪರೀಕ್ಷೆ ಕಟ್ಟಿ ಪಾಸಾದ. 1882ರ ಡಿಸೆಂಬರ್‌ನಲ್ಲಿ ಲಂಡನ್ನಿನ ಪೇಟೆಂಟ್ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿದ. ಸಂಬಳ ವರ್ಷಕ್ಕೆ 100 ಪೌಂಡ್. ಟ್ರೇಡ್‌ಮಾರ್ಕ್ ನೋಂದಾಯಿಸುವ ವಿಭಾಗ. (ಪೇಟೆಂಟ್ ಆಫೀಸ್ ಅಂದಕೂಡಲೇ ಕೆಲವರು ಐನ್‌ಸ್ಟೈನ್ ಕಥೆಯನ್ನೂ ಇದಕ್ಕೆ ಅಂಟಿಸುತ್ತಾರೆ. ಅದು ಸ್ವಿಟ್ಜರ್ಲೆಂಡಿನದು, ಇಪ್ಪತ್ತು ವರ್ಷ ಆಮೇಲಿನದು.)

ಅಲ್ಲಿ ಹತ್ತು ವರ್ಷ ದುಡಿದ. ಹಗಲು ಯಾವ ಕಂಪನಿಯ ಗುರುತು ಇನ್ಯಾರದನ್ನು ಹೋಲುತ್ತದೆ ಅಂತ ನೋಡುವುದು. ಸಂಜೆ ಬ್ರಿಟಿಷ್ ಮ್ಯೂಸಿಯಂನ ವಾಚನಾಲಯದಲ್ಲಿ ಕೂತು ಗ್ರೀಕ್, ಲ್ಯಾಟಿನ್ ಕವಿಗಳ ಪಾಠಾಂತರ (ಪ್ರತಿಯಿಂದ ಪ್ರತಿಗೆ ಬದಲಾದ ಮಾತು) ನೋಡುವುದು. ಅಂದರೆ ನಿಮ್ಮ ಈಗಿನ ದಿನಚರಿಯೇ, ಜಾಗ ಬೇರೆ. ಮೊದಲ ಲೇಖನ ಹೊರೇಸ್ ಕವಿಯ ಮೇಲೆ. ಅದು 1882ರಲ್ಲೇ ಬಂತು. ಆಮೇಲೆ ಕೆಲವು ವರ್ಷ ಹೆಚ್ಚೇನೂ ಇಲ್ಲ. ಜೀವ ತೇದು ಮಾಡಿದ ಪ್ರೊಪೆರ್ಷಿಯಸ್ ಸಂಪಾದನೆಯನ್ನು ಪ್ರಕಾಶಕರಿಗೆ ಕಳಿಸಿದ. 1885ರಲ್ಲಿ ಬೇಡ ಅಂದರು. ಆ ಪುಸ್ತಕ ಕೊನೆಗೂ ಹೊರಬರಲೇ ಇಲ್ಲ. ಯಾವ ಕವಿಗಾಗಿ ಪರೀಕ್ಷೆ ಕಳೆದುಕೊಂಡನೋ ಆ ಕವಿಯ ಪುಸ್ತಕವೂ ಕೈಗೆ ಬರಲಿಲ್ಲ ನೋಡಿ. 1887ರಲ್ಲಿ ಜಾಕ್ಸನ್ ಕರಾಚಿಯ ಕಾಲೇಜೊಂದಕ್ಕೆ ಪ್ರಿನ್ಸಿಪಾಲನಾಗಿ ಹೊರಟುಹೋದ. ಆ ಹೊತ್ತಿನಿಂದ ಹೌಸ್‌ಮನ್ ಲೇಖನಗಳು ಒಂದರ ಹಿಂದೆ ಒಂದು ಬರತೊಡಗಿದವು. ಈಸ್ಕಿಲಸ್, ಓವಿಡ್, ಮತ್ತೆ ಪ್ರೊಪೆರ್ಷಿಯಸ್. ಚಿಕ್ಕಚಿಕ್ಕ ಲೇಖನಗಳೇ. ಒಂದೊಂದರಲ್ಲಿ ಕೆಲವು ಸಾಲು ಹಿಡಿದು, ಇಲ್ಲಿ ಪ್ರತಿಕಾರ (ನಕಲು ಬರೆದವನು) ಹೀಗೆ ತಪ್ಪಿದ್ದಾನೆ, ಕವಿ ಹೀಗೆ ಬರೆದಿರಬೇಕು, ಕಾರಣ ಇದು ಅಂತ ತೋರಿಸುವುದು. ಆದರೆ ಓದಿದವರು ಎದ್ದು ಕೂರುವ ಹಾಗಿದ್ದವು.

1892ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರೀಕ್, ಲ್ಯಾಟಿನ್ ಎರಡೂ ಪೀಠ ಖಾಲಿಯಾದವು. ಹೌಸ್‌ಮನ್ ಲ್ಯಾಟಿನ್‌ಗೆ ಅರ್ಜಿ ಹಾಕಿದ. ಅರ್ಜಿಯಲ್ಲಿ, 1881ರ ಆ ಪರೀಕ್ಷೆಯಲ್ಲಿ ತಾನು ಆನರ್ಸ್ ಪಡೆಯಲಾಗಲಿಲ್ಲ ಅಂತ ತಾನೇ ನೇರವಾಗಿ ಬರೆದ. ಈ ಒಂದು ವಾಕ್ಯ ಎಲ್ಲರಿಗೂ ಇಷ್ಟ, ಎಲ್ಲರೂ ಹೇಳುತ್ತಾರೆ. ಅದರ ಜೊತೆ ಲಗತ್ತಿಸಿದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹದಿನೇಳು ವಿದ್ವಾಂಸರ ಶಿಫಾರಸು ಪತ್ರಗಳಿದ್ದವು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಡಬ್ಲಿನ್‌ನವರು ಇದ್ದರು. ಅಮೆರಿಕದ ಗಿಲ್ಡರ್‌ಸ್ಲೀವ್, ಜರ್ಮನಿಯ ವೆಕ್ಲೈನ್ ಕೂಡ ಬರೆದಿದ್ದರು. ಇವರಲ್ಲಿ ಹಲವರಿಗೆ ಆತನ ಪರಿಚಯ ಆದದ್ದು ಆ ಲೇಖನಗಳಿಂದ. ಕಾಲೇಜಿನವರು ಕಣ್ಣುಮುಚ್ಚಿ ಫೇಲಾದ ಗುಮಾಸ್ತನನ್ನು ಪ್ರೊಫೆಸರ್ ಮಾಡಿದರು ಅಂದುಕೊಳ್ಳಬೇಡಿ. ಹತ್ತು ವರ್ಷದ ಅಚ್ಚಾದ ಕೆಲಸ ಅವರ ಮೇಜಿನ ಮೇಲಿತ್ತು. ಪೇಟೆಂಟ್ ಆಫೀಸನ್ನು ಆತ ಬಿಟ್ಟದ್ದು ಈ ಕೆಲಸ ಕೈಗೆ ಸಿಕ್ಕಮೇಲೆ.

ಮುಂದಿನದು ಚುಟುಕಾಗಿ. 1896ರಲ್ಲಿ ಕೈಯಿಂದ 30 ಪೌಂಡ್ ಹಾಕಿ ಒಂದು ಸಣ್ಣ ಕವನ ಸಂಕಲನ ತಂದ, 63 ಪದ್ಯಗಳದ್ದು. ಮೊದಲು ಯಾರೂ ಕೊಳ್ಳಲಿಲ್ಲ, ನಿಧಾನವಾಗಿ ಜನ ಹಚ್ಚಿಕೊಂಡರು. ಇವತ್ತು ಹೆಚ್ಚಿನವರಿಗೆ ಆತ ಗೊತ್ತಿರುವುದೇ ಆ ಕವನಗಳಿಂದ. 1911ರಲ್ಲಿ ಕೇಂಬ್ರಿಡ್ಜ್‌ನ ಲ್ಯಾಟಿನ್ ಪೀಠಕ್ಕೆ ಹೋದ. 1936ರಲ್ಲಿ ಅಲ್ಲೇ ತೀರಿಕೊಂಡ.

ಆದರೆ ಆತ ತನ್ನ ಬದುಕಿನ ಕೆಲಸ ಅಂದುಕೊಂಡದ್ದು ಮನಿಲಿಯಸ್ ಎಂಬ ಕವಿಯ ಸಂಪಾದನೆ. ಒಂದನೆಯ ಶತಮಾನದ ರೋಮನ್ ಕವಿ, ಜ್ಯೋತಿಷ್ಯವನ್ನು ಪದ್ಯದಲ್ಲಿ ಬರೆದವನು. ಐದು ಭಾಗ. ಮೊದಲ ಸಂಪುಟ 1903ರಲ್ಲಿ ಬಂತು, ಕೊನೆಯದು 1930ರಲ್ಲಿ. ಇಪ್ಪತ್ತೇಳು ವರ್ಷ! ಅಚ್ಚಿನ ಖರ್ಚು ತನ್ನದೇ, ಪ್ರತಿಗಳು 400. ಮೊದಲ ಸಂಪುಟವನ್ನು ಜಾಕ್ಸನ್‌ಗೆ ಅರ್ಪಿಸಿದ. ಅಷ್ಟು ಬೆವರು ಸುರಿಸಿದ ಆ ಕವಿ ಅಂಥ ದೊಡ್ಡವನೇ ಅಂದರೆ, ಅಲ್ಲ. ಮನಿಲಿಯಸ್ ಓದಿ ಸಮಯ ಹಾಳುಮಾಡಿಕೊಳ್ಳಬೇಡ ಅಂತ ಹೌಸ್‌ಮನ್‌ನೇ ಸ್ನೇಹಿತರೊಬ್ಬರಿಗೆ ಕಾಗದ ಬರೆದಿದ್ದಾನೆ. ಪಠ್ಯ ಕೆಟ್ಟಿತ್ತು, ಕೆಟ್ಟದ್ದನ್ನು ಸರಿಮಾಡುವುದೇ ಆತನ ಸುಖ.

ಈಗ ನಿಮ್ಮ ಓಲೆಗರಿಗೆ ಬರೋಣ. ಇಲ್ಲಿ ಹೌಸ್‌ಮನ್ ನಿಮಗೆ ನಿಜಕ್ಕೂ ಕೆಲಸಕ್ಕೆ ಬರುತ್ತಾನೆ.

ಪಾಠ ಪರಿಷ್ಕರಣೆ ಮಾಡುವವನು ಗ್ರಹಗಳ ಚಲನೆ ಲೆಕ್ಕ ಹಾಕುವ ನ್ಯೂಟನ್ ಥರ ಅಲ್ಲ, ಮೈಮೇಲಿನ ಚಿಗಟ ಹುಡುಕುವ ನಾಯಿಯ ಥರ ಅಂತ 1921ರ ಒಂದು ಉಪನ್ಯಾಸದಲ್ಲಿ ಹೇಳಿದ. ಅಂದರೆ ಒಂದೇ ಸೂತ್ರ ಎಲ್ಲ ಕಡೆಗೂ ನಡೆಯುವುದಿಲ್ಲ, ಪ್ರತಿ ಚಿಗಟವೂ ಬೇರೆ. ಕನ್ನಡದಲ್ಲಿ ನೋಡಿ. ಸುಮ್ನೆ ಒಂದು ಉದಾಹರಣೆ ಕೊಡುತ್ತೇನೆ. 'ವರ' ಅಂತ ಇದ್ದದ್ದನ್ನು ಮಂದ ಬೆಳಕಿನಲ್ಲಿ ಪ್ರತಿಕಾರ 'ಮರ' ಅಂತ ಕೊರೆದ ಅಂದುಕೊಳ್ಳಿ. ವ, ಮ, ಪ, ಷ ಇವು ಓಲೆಯ ಮೇಲೆ ಒಂದಕ್ಕೊಂದು ವೇಷ ಹಾಕಿಕೊಂಡು ಬರುವ ಅಕ್ಷರಗಳು. ನಿಮ್ಮ ಕಾವ್ಯ ವಾರ್ಧಕ ಷಟ್ಪದಿ. ಮೊದಲ ಸಾಲಿಗೆ 20 ಮಾತ್ರೆ. ಒಂದು ಅಕ್ಷರ ಬಿಟ್ಟುಹೋಗಿದ್ದರೆ ಮಾತ್ರೆ ಎಣಿಸಿದ ಕೂಡಲೇ ಸಿಕ್ಕಿಬೀಳುತ್ತದೆ. ಸಾಲಿನ ಎರಡನೆಯ ಅಕ್ಷರದಲ್ಲಿ ತಪ್ಪಾಗಿದ್ದರೆ ಪ್ರಾಸ ಕೂಗಿ ಹೇಳುತ್ತದೆ. ಲ್ಯಾಟಿನ್ ಕವಿಗಳಲ್ಲಿ ಈ ಪ್ರಾಸದ ಕಾವಲು ಇಲ್ಲ. ಅವರಿಗೆ ಛಂದಸ್ಸೊಂದೇ ಗತಿ. ಆದರೆ ಸಾಲಿನ ನಡುವೆ 'ವರ' ಹೋಗಿ 'ಮರ' ಬಂದರೆ? ಎರಡೂ ಎರಡು ಲಘು. ಮಾತ್ರೆ ಸರಿ, ಪ್ರಾಸಕ್ಕೆ ಸಂಬಂಧವೇ ಇಲ್ಲ. ಅಲ್ಲಿ ಅರ್ಥವೊಂದೇ ಉಳಿಯುವುದು. ಆ ಕವಿ ಈ ಜಾಗದಲ್ಲಿ ಈ ಮಾತು ಆಡುತ್ತಿದ್ದನೇ ಅಂತ ಕೇಳಿಕೊಳ್ಳಬೇಕು. ಅದಕ್ಕೆ ಆ ಕವಿಯನ್ನು ಹತ್ತು ಸಲ ಓದಿರಬೇಕು. ಭಾಷೆ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಅನ್ನುವುದೂ ಗೊತ್ತಿರಬೇಕು. ಹೌದು, ನೀವು ಬಿಟ್ಟ ಪೇಪರ್‌ನ ವಿಷಯವೇ.

ಇನ್ನೊಂದು ಎಚ್ಚರ. ನಿಮ್ಮ ಕೈಯಲ್ಲಿರುವುದು ಒಂದೇ ಕಟ್ಟು. 'ನನ್ನ ಪ್ರತಿಯೇ ಶುದ್ಧ' ಅನ್ನುವ ಮೋಹ ಬೇಗ ಬರುತ್ತದೆ, ನನಗೂ ಬಂದಿತ್ತು. ಮನಿಲಿಯಸ್‌ನ ಮೊದಲ ಸಂಪುಟದ ಮುನ್ನುಡಿಯಲ್ಲಿ ಹೌಸ್‌ಮನ್ ಇದನ್ನೇ ಹಾಸ್ಯ ಮಾಡಿದ್ದಾನೆ. ವಿವೇಚನೆ ಇಲ್ಲದ ಸಂಪಾದಕ ಎರಡು ಪ್ರತಿಗಳ ನಡುವೆ ನಿಂತಾಗ, ಎರಡು ಹುಲ್ಲಿನ ಹೊರೆಗಳ ನಡುವೆ ನಿಂತ ಕತ್ತೆ ತಾನು ಅಂತ ಅವನಿಗೇ ಅನ್ನಿಸುತ್ತದೆ. ಒಂದು ಹೊರೆ ತೆಗೆದುಬಿಟ್ಟರೆ ಕತ್ತೆತನ ಹೋಗುತ್ತದೆ ಅಂದುಕೊಂಡು ಒಂದನ್ನು ತೆಗೆದುಹಾಕುತ್ತಾನೆ! ಜೈಮಿನಿ ಭಾರತ ನಮ್ಮಲ್ಲಿ ಮನೆಮನೆಯಲ್ಲಿ ಓದಿಸಿದ ಕಾವ್ಯ, ಹಾಗಾಗಿ ಪ್ರತಿಗಳೂ ಬೇಕಾದಷ್ಟು. ಮೈಸೂರು ವಿಶ್ವವಿದ್ಯಾಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದಲ್ಲಿ ವಿಚಾರಿಸಿ. ರಜೆಯಲ್ಲಿ ಒಂದು ವಾರ ಕೂತು ಬನ್ನಿ. ಅಲ್ಲಿನ ಕೆಲಸ ನಿಮ್ಮ ಮೈಗೆ ಹತ್ತುತ್ತದೋ ಇಲ್ಲವೋ ಆ ವಾರದಲ್ಲೇ ಗೊತ್ತಾಗುತ್ತದೆ.

ಕೆಲಸದ ವಿಚಾರಕ್ಕೆ ಬರುತ್ತೇನೆ. ಈಗಲೇ ಬಿಟ್ಟರೆ ಏನಾಗುತ್ತದೆ? ಹಸ್ತಪ್ರತಿ ಕೆಲಸಕ್ಕೆ ಹೊರಗಿನಿಂದ ಹಣ ಬರುವುದು ಕಡಿಮೆ, ಬಂದರೂ ಯೋಜನೆ ಮುಗಿಯುವವರೆಗೆ. ಕೆಲಸ ಬಿಟ್ಟು ಬಂದವರನ್ನು ನಾನು ನೋಡಿದ್ದೇನೆ. ಎರಡನೆಯ ವರ್ಷದ ಹೊತ್ತಿಗೆ ಟ್ಯೂಷನ್, ಪ್ರೂಫ್ ತಿದ್ದುವುದು, ಇನ್ಯಾರದೋ ಅಭಿನಂದನ ಗ್ರಂಥ ಅಂತ ಅಲೆಯುತ್ತಾ, ಓಲೆಗರಿ ಮುಟ್ಟಲು ನಿಮಗೆ ಈಗ ಸಿಗುವಷ್ಟು ಹೊತ್ತೂ ಸಿಗದೆ ಹೋದವರು ಇದ್ದಾರೆ. ನಿಮ್ಮ ಸಂಬಳದ ಮೇಲೆ ಇಬ್ಬರು ಕೂತಿದ್ದಾರೆ. ಇನ್ನು ವಿಕ್ಟೋರಿಯಾ ಕಾಲದ ಕಾಲೇಜು ಮಂಡಳಿ ಹದಿನೇಳು ಪತ್ರ ನೋಡಿ ಕೆಲಸ ಕೊಡಬಹುದಿತ್ತು. ಇವತ್ತು ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರದಲ್ಲಿ ಸಾಮಾನ್ಯವಾಗಿ ಶೇ. 55 ಅಂಕ, ಜೊತೆಗೆ ನೆಟ್ ಅಥವಾ ಕೆ-ಸೆಟ್, ಇಲ್ಲವೇ ಪಿಎಚ್‌ಡಿ ಕೇಳುತ್ತಾರೆ. ಎಂ.ಎ. ಮುಗಿಯದೆ ಆ ಸಾಲಿನಲ್ಲಿ ನಿಲ್ಲಲೂ ಆಗುವುದಿಲ್ಲ. ನಿಯಮ ಚೆನ್ನಾಗಿದೆಯೋ ಇಲ್ಲವೋ ಅದು ಬೇರೆ ಜಗಳ.

ಆದ್ದರಿಂದ ಬಾಕಿ ಪೇಪರ್ ಮೊದಲು. ಅದಕ್ಕೂ ವಿಶ್ವವಿದ್ಯಾಲಯಗಳು ಕಾಲಮಿತಿ ಇಟ್ಟಿರುತ್ತವೆ, ಈ ವಾರವೇ ಪರೀಕ್ಷಾ ವಿಭಾಗಕ್ಕೆ ಫೋನ್ ಮಾಡಿ. ಮಿತಿ ದಾಟಿದ್ದರೆ ದೂರಶಿಕ್ಷಣದಲ್ಲಿ ಮತ್ತೆ ಎಂ.ಎ. ಕಟ್ಟುವ ದಾರಿ ಇದೆ. ಎರಡು ವರ್ಷ ಹೋಗುತ್ತದೆ, ಹೋಗಲಿ. ಕಚೇರಿಯಲ್ಲಿ ಮೊದಲೇ ಅನುಮತಿ ಕೇಳಿ ಇಟ್ಟುಕೊಳ್ಳಿ, ಆಮೇಲೆ ತಕರಾರು ಬೇಡ.

ಅದರ ಜೊತೆಗೇ ಬರೆಯಿರಿ. ಇಡೀ ಜೈಮಿನಿ ಭಾರತವನ್ನು ಹೊಸದಾಗಿ ಸಂಪಾದಿಸುವ ಕನಸು ಸದ್ಯ ಬೇಡ. ಒಂದು ಸಂಧಿ ಹಿಡಿಯಿರಿ. ನಿಮ್ಮ ಕಟ್ಟಿನಲ್ಲಿ ಅಚ್ಚಿನ ಪಾಠಕ್ಕಿಂತ ಬೇರೆಯಾದ ಜಾಗಗಳನ್ನು ಗುರುತಿಸಿ. ಅವುಗಳಲ್ಲಿ ಹೆಚ್ಚಿನವು ಬರೀ ಪ್ರತಿಕಾರನ ಕೈತಪ್ಪು ಆಗಿರುತ್ತವೆ. ಮೂರೋ ನಾಲ್ಕೋ ನಿಜವಾಗಿ ಯೋಚಿಸಬೇಕಾದವು ಸಿಕ್ಕರೆ ಪುಣ್ಯ. ಆ ನಾಲ್ಕರ ಮೇಲೆ ಎಂಟು ಪುಟದ ಲೇಖನ ಬರೆದು ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿ. ಬೇಡ ಅನ್ನಬಹುದು. ವರ್ಷಗಟ್ಟಲೆ ಉತ್ತರವೇ ಬರದೆಯೂ ಇರಬಹುದು. ಈ ದಾರಿಯ ಅಪಾಯ ಅದೇ: ದಣಿವು, ಒಂಟಿತನ, ಕಚೇರಿಯ ಮಾರ್ಚ್ ತಿಂಗಳ ಕೆಲಸ ಬಂದಾಗ ಮೂರು ತಿಂಗಳು ಗರಿ ಬಿಚ್ಚದಿರುವುದು.

ಹೌಸ್‌ಮನ್‌ನಿಂದ ದಯವಿಟ್ಟು ಕಲಿಯಬೇಡಿ ಅನ್ನುವುದೂ ಒಂದಿದೆ, ಆತನ ನಾಲಿಗೆ. ಬೇರೆ ಸಂಪಾದಕರ ಬಗ್ಗೆ ಆತ ಬರೆದ ಮಾತು ಓದಲು ಬಲು ರುಚಿ. ಅದನ್ನು ಉಂಡವರಿಗೆ ಮಾತ್ರ ಕಹಿ. ತರಗತಿಯಲ್ಲಿ ಹುಡುಗಿಯರನ್ನು ಅಳಿಸುತ್ತಿದ್ದನಂತೆ. ಕಾಲೇಜು ಬಿಡುವಾಗ, ನಿಮ್ಮ ಮುಖಗಳನ್ನು ನೆನಪಿಟ್ಟುಕೊಂಡರೆ ವಿಭಕ್ತಿಗಳ ವ್ಯತ್ಯಾಸ ಮರೆತುಹೋಗುತ್ತಿತ್ತು ಅನ್ನುವ ಅರ್ಥದಲ್ಲಿ ಕ್ಷಮೆ ಕೇಳಿದನಂತೆ! ಆತನಷ್ಟು ತಿಳಿದವರಿಗೂ ಅದು ಶೋಭೆಯಲ್ಲ. ಮೊದಲ ಲೇಖನದಲ್ಲೇ ಹಿರಿಯರ ತಪ್ಪು ಆಡಿಕೊಂಡರೆ ನಿಮಗೆ ಪತ್ರ ಬರೆದುಕೊಡಲು ಹದಿನೇಳಲ್ಲ, ಒಬ್ಬರೂ ಇರುವುದಿಲ್ಲ.

ಇನ್ನು ಕಟ್ಟಿನ ಬಗ್ಗೆ. ಅಕ್ಷರ ಕಾಣಲಿ ಅಂತ ಕೊಬ್ಬರಿ ಎಣ್ಣೆ ಹಚ್ಚಬೇಡಿ, ಹಳ್ಳಿಯಲ್ಲಿ ಎಲ್ಲರೂ ಹಚ್ಚಿ ಅಂತಲೇ ಹೇಳಿದರೂ. ದಾರ ಬಿಚ್ಚುವ ಮೊದಲು ಗರಿಗಳ ಕ್ರಮ ಬರೆದಿಟ್ಟುಕೊಳ್ಳಿ. ಎರಡೂ ಬದಿಯ ಫೋಟೊ ತೆಗೆಯಿರಿ, ಕಿಟಕಿಯ ಬೆಳಕು ಓರೆಯಾಗಿ ಬೀಳುವ ಹೊತ್ತಿನಲ್ಲಿ. ಕೊನೆಯ ಗರಿಯನ್ನು ಮೊದಲು ನೋಡಿ. ಬರೆದವನ ಹೆಸರು, ಊರು, ಸಂವತ್ಸರ, ತಪ್ಪಿದ್ದರೆ ತಿದ್ದಿಕೊಂಡು ಓದಿ ಅನ್ನುವ ಬೇಡಿಕೆ ಅಲ್ಲಿ ಇರಬಹುದು. ಇದ್ದರೆ ಆ ಗರಿಯ ಫೋಟೊವನ್ನು ಈ ಅಂಕಣದ ವಿಳಾಸಕ್ಕೆ ಕಳಿಸಿ, ಯಾವ ವರ್ಷದ್ದು ಅಂತ ಒಟ್ಟಿಗೆ ಲೆಕ್ಕ ಹಾಕೋಣ.